ಮುಳುಗಡೆ ಊರಿನ ಮುತ್ತಜ್ಜನನ್ನು ಹುಡುಕುವುದು

ಹಳೇ ದಾಖಲೆಗಳಲ್ಲಿ ಎಷ್ಟು ಹುಡುಕಿದರೂ ಮುತ್ತಜ್ಜನ ಹೆಸರು ಸಿಗುತ್ತಿಲ್ಲ ಅಂತ ಕೇಳಿದ್ದಿರಿ. ಅದಕ್ಕೆ ಕಾರಣ ಬಹುಶಃ ನೀವು ‘ಹೊಸಮನೆ’ ಅನ್ನುವ ಅಡ್ಡಹೆಸರು ಹಿಡಿದು ಹುಡುಕುತ್ತಿರುವುದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರಿನವರು ಅಂದಿರಿ. ಹಳೇ ಕಂದಾಯ ದಾಖಲೆಗಳಲ್ಲಿ ಅಡ್ಡಹೆಸರು ಕಡಿಮೆ. ‘ತಿಮ್ಮಪ್ಪ ಬಿನ್ ಮಂಜಪ್ಪ’ ಅಂತ ಬರೆದಿರುತ್ತಾರೆ. ಬಿನ್ ಅಂದರೆ ಇಂಥವರ ಮಗ. ‘ಕೋಂ’ ಅಂತಿದ್ದರೆ ಇಂಥವರ ಹೆಂಡತಿ. ಒಂದೇ ಸಾಲಲ್ಲಿ ಎರಡು ತಲೆಮಾರು ಸಿಕ್ಕಂತೆ ಅಲ್ವಾ!

ಮೊದಲು ಅಜ್ಜಿಯ ಹತ್ತಿರ ಕೂತು ಹಳೇ ಊರಿನ ಹೆಸರು, ಬಿಟ್ಟು ಬಂದ ವರ್ಷ ಕೇಳಿ ಬರೆದುಕೊಳ್ಳಿ. ಇದನ್ನು ಮಾತ್ರ ಮುಂದೂಡಬೇಡಿ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ ಹಿರೇಭಾಸ್ಕರ ಅಣೆಕಟ್ಟಿನಿಂದ ಎದ್ದು ಬಂದ ಮನೆಗಳೂ ಇವೆ.

ಆಮೇಲೆ, ಮುಳುಗಿದ ಜಮೀನಿಗೆ ಬದಲಾಗಿ ಈಗಿನ ಜಮೀನು ಸಿಕ್ಕಿದ್ದರೆ, ಅದರ ಮಂಜೂರಾತಿ ಕಾಗದ ತೆಗೆದು ನೋಡಿ. ಅದರಲ್ಲಿ ಮುಳುಗಿದ ಜಮೀನಿನ ಸರ್ವೆ ನಂಬರ್ ಇರಬಹುದು. ಅದನ್ನು ಹಿಡಿದು ಸಾಗರ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೈಬರಹದ ಪಹಣಿ (ಜಮೀನಿನ ಒಡೆತನ, ಸಾಗುವಳಿಯ ದಾಖಲೆ), ಮ್ಯುಟೇಷನ್ (ಖಾತೆ ಬದಲಾದ ದಾಖಲೆ) ನಕಲಿಗೆ ಅರ್ಜಿ ಹಾಕಿ. ಎಲ್ಲ ಪುಸ್ತಕವೂ ಉಳಿದಿರುತ್ತದೆ ಅಂತ ಗ್ಯಾರಂಟಿ ಇಲ್ಲ. ಪಹಣಿ ಸಿಕ್ಕಿದರೆ ಸಾಗುವಳಿದಾರರ ಕಾಲಂ ತಪ್ಪದೆ ನೋಡಿ. ಬೇರೆಯವರ ಜಮೀನನ್ನು ಗೇಣಿಗೆ ಮಾಡಿದ್ದರೆ ಮುತ್ತಜ್ಜನ ಹೆಸರು ಅಲ್ಲಿರಬಹುದು, ಖಾತೆ ಒಡೆಯರ ಹೆಸರಲ್ಲಿರುತ್ತದೆ.

‘ಹೊಸಮನೆ’ ಸಾಮಾನ್ಯವಾಗಿ ಮನೆಯ ಗುರುತು. ಅಣ್ಣತಮ್ಮಂದಿರು ಪಾಲಾದಾಗ ಬೇರೆ ಮನೆ ಕಟ್ಟಿಕೊಂಡವರಿಗೆ ಊರವರೇ ಹಾಗೆ ಕರೆಯುತ್ತಾರೆ. ಹಾಗಾಗಿ ಎಲ್ಲ ಹೊಸಮನೆಯವರೂ ನಿಮ್ಮ ದಾಯಾದಿಗಳಲ್ಲ. ಮನೆದೇವರು, ಬಳಿ (ಗೋತ್ರದಂಥ ಕುಲದ ಗುರುತು) ಎರಡೂ ಹೊಂದಿದರೆ ಮಾತ್ರ ಆ ಎಳೆ ಹಿಡಿಯಿರಿ.