ವಿಮಾನ ಒಂದು ಗಂಟೆ ಹತ್ತು ನಿಮಿಷ, ಸರಿ. ಮನೆಯಿಂದ ಮನೆಗೆ ಎಷ್ಟು?

ಮುಂದಿನ ತಿಂಗಳು ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರುತ್ತೀರಿ, ನಿಮ್ಮ ಯಜಮಾನರು ಬರ್ಲಿನ್‌ನಲ್ಲಿ ಓದುತ್ತಿದ್ದಾರೆ, ವಿಮಾನ ಒಂದು ಗಂಟೆ ಹತ್ತು ನಿಮಿಷ ಅಂತ ತೋರಿಸ್ತಿದೆ, ಪ್ರತಿ ಶುಕ್ರವಾರ ಹೋಗಿ ಬರಬಹುದಾ ಅಂತ ಕೇಳಿದ್ದೀರಿ. ಹೋಗಬಹುದು. ನಾನೂ ಎರಡು ವರ್ಷ ಹೀಗೇ ಓಡಾಡಿದ್ದೇನೆ, ಆಗ ನನ್ನ ಹೆಂಡತಿ ಬರ್ಲಿನ್‌ನಲ್ಲಿದ್ದಳು. ಆದರೆ ಆ ಒಂದು ಗಂಟೆ ಹತ್ತು ನಿಮಿಷವನ್ನು ನಂಬಿ ಲೆಕ್ಕ ಹಾಕಬೇಡಿ.

ನೇರ ದೂರ ಸುಮಾರು 500 ಕಿಲೋಮೀಟರ್. ರಸ್ತೆಯಲ್ಲಿ 585ರ ಆಸುಪಾಸು, ಹೆಚ್ಚುಕಮ್ಮಿ ನಮ್ಮ ಬೆಂಗಳೂರು–ಹೈದರಾಬಾದ್ ಅಷ್ಟೇ. ಮ್ಯೂನಿಕ್ ಏರ್‌ಪೋರ್ಟ್ ನಮ್ಮ ದೇವನಹಳ್ಳಿ ಥರ ಊರಾಚೆ ಇದೆ. ಎಸ್-ಬಾನ್ ಅನ್ನೋ ಲೋಕಲ್ ರೈಲಿನಲ್ಲಿ ಹೋಗೋಕೆ 40–45 ನಿಮಿಷ, ಸೆಕ್ಯುರಿಟಿ ಅಂತ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು, ಆಮೇಲೆ ವಿಮಾನ, ಇಳಿದ ಮೇಲೆ ಬರ್ಲಿನ್ ಊರೊಳಗೆ ಹೋಗೋಕೆ ಮತ್ತೆ ಅರ್ಧ ಗಂಟೆ. ಕೂಡಿ ನೋಡಿ, ಹತ್ತಿರಹತ್ತಿರ ನಾಲ್ಕು ಗಂಟೆ ಆಯಿತು ಅಲ್ವಾ?

ರೈಲು ಹಿಡಿಯಿರಿ. 2017ರ ಡಿಸೆಂಬರ್‌ನಲ್ಲಿ ಹೊಸ ಮಾರ್ಗ ಶುರುವಾಯಿತು. ಮೊದಲು ಆರು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಐಸಿಇ ಸ್ಪ್ರಿಂಟರ್ ಅನ್ನೋ ವೇಗದ ರೈಲು ಈಗ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ, ಅದೂ ಊರಿನ ನಡುವಿನಿಂದ ಊರಿನ ನಡುವಿಗೆ. ನ್ಯೂರೆಂಬರ್ಗ್, ಬಾಂಬರ್ಗ್ ಕಳೆದ ಮೇಲೆ ಸುರಂಗಗಳ ಸಾಲು. ಬ್ಲೆಸ್‌ಬರ್ಗ್ ಸುರಂಗ ಒಂದೇ ಎಂಟು ಕಿಲೋಮೀಟರ್ ಉದ್ದ! ಕಿವಿ ಗುಂಯ್ ಅನ್ನುತ್ತದೆ, ಫೋನ್ ಕೈ ಕೊಡುತ್ತದೆ, ಬೆಳಕಿಗೆ ಬಂದರೆ ಗುಡ್ಡದ ಮೇಲೆ ಕಾಡು, ಮತ್ತೆ ಕತ್ತಲೆ. ನಾನು ಅಲ್ಲೇ ಡಬ್ಬಿ ಬಿಚ್ಚುತ್ತಿದ್ದೆ. ಮೊಸರನ್ನ, ಮಾವಿನ ಮಿಡಿ. ವಿಮಾನಕ್ಕಾದರೆ ಉಪ್ಪಿನಕಾಯಿ ಬಾಟಲಿ ಒಯ್ಯುವುದೇ ಒಂದು ತಲೆನೋವು.

ಟಿಕೆಟ್ ವಿಷಯದಲ್ಲಿ ಮಾತ್ರ ಹುಷಾರು. ಶುಕ್ರವಾರ ಸಂಜೆ, ಭಾನುವಾರ ಸಂಜೆ ವಿಪರೀತ ಜನ. ಕಡಿಮೆ ದರದ ‘ಸ್ಪಾರ್‌ಪ್ರೈಸ್’ ಟಿಕೆಟ್ ವಾರಗಟ್ಟಲೆ ಮೊದಲೇ ತೆಗೆದಿಡಿ, ಸೀಟು ಬೇರೆಯಾಗಿ ಕಾಯ್ದಿರಿಸಿ, ಇಲ್ಲದಿದ್ದರೆ ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂತು ಹೋಗಬೇಕಾಗಬಹುದು. ಬಾನ್‌ಕಾರ್ಡ್ 25 ಅನ್ನೋ ರೈಲ್ವೆ ರಿಯಾಯಿತಿ ಕಾರ್ಡ್ ಇದ್ದರೆ ಈ ಟಿಕೆಟ್ ಮೇಲೂ ಕಾಲು ಭಾಗ ಕಡಿಮೆಯಾಗುತ್ತದೆ. ಕಾರ್ಡ್ ತಾನಾಗೇ ನವೀಕರಣ ಆಗುತ್ತದೆ, ಬೇಡವಾದರೆ ಅವಧಿಗೆ ಮುಂಚೆಯೇ ರದ್ದು ಮಾಡಿ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಲೋಕಲ್ ರೈಲು, ಬಸ್ಸುಗಳ ತಿಂಗಳ ಪಾಸ್, ಐಸಿಇಗೆ ನಡೆಯುವುದಿಲ್ಲ. ಹೊಸಬರು ಇಲ್ಲೇ ಎಡವುತ್ತಾರೆ.

ರೈಲು ತಡವಾಗೋದು ಉಂಟು. ಗುರಿ ತಲುಪುವುದು 20 ನಿಮಿಷಕ್ಕಿಂತ ತಡ ಅಂತ ಗೊತ್ತಾದರೆ ಅದೇ ಟಿಕೆಟ್‌ನಲ್ಲಿ ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಕಾಲು ಭಾಗ ದುಡ್ಡು ವಾಪಸ್, ಎರಡು ಗಂಟೆಯಾದರೆ ಅರ್ಧ. ಸಂಕೋಚಪಡದೆ ಕೇಳಿ ತೆಗೆದುಕೊಳ್ಳಿ.

ನಿಮ್ಮ ಮನೆ ಫ್ರೈಸಿಂಗ್ ಕಡೆ ಸಿಕ್ಕರೆ ಮಾತ್ರ ಲೆಕ್ಕ ಬದಲಾಗುತ್ತದೆ, ಅಲ್ಲಿಂದ ಏರ್‌ಪೋರ್ಟ್ ಪಕ್ಕದಲ್ಲೇ. ಇನ್ನೊಂದು, ಪ್ರತಿ ವಾರ ಬೇಡ. ನಾನು ಮೊದಲ ಮೂರು ತಿಂಗಳು ಹಾಗೆ ಮಾಡಿ ಸುಸ್ತಾಗಿದ್ದೆ, ಸೋಮವಾರ ಆಫೀಸಿನಲ್ಲಿ ಕಣ್ಣೇ ಬಿಡೋಕೆ ಆಗ್ತಿರಲಿಲ್ಲ. ಒಂದು ವಾರ ನೀವು ಹೋಗಿ, ಮುಂದಿನ ಸಲ ಅವರು ಬರಲಿ. ಶುಕ್ರವಾರ ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ ಅಂತ ಸೇರುವಾಗಲೇ ಕೇಳಿಬಿಡಿ.

ನಿಮ್ಮ ಯಜಮಾನರ ಮನೆ ಬರ್ಲಿನ್‌ನ ನಾಯ್‌ಕೋಲ್ನ್ ಅಥವಾ ಟೆಂಪೆಲ್‌ಹೋಫ್ ಕಡೆ ಇದ್ದರೆ ದೊಡ್ಡ ನಿಲ್ದಾಣದವರೆಗೆ ಹೋಗಬೇಡಿ. ಅದಕ್ಕೂ ಮುಂಚೆ ಸಿಗುವ ಸ್ಯೂಡ್‌ಕ್ರಾಯ್ಟ್ಸ್ ನಿಲ್ದಾಣದಲ್ಲೇ ಇಳಿಯಿರಿ, ಅವರನ್ನು ಅಲ್ಲಿಗೇ ಬರಹೇಳಿ.