ಶವಾಸನದಲ್ಲಿ ಬಂದ ಭಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನೆರವು ಕೇಳಿ ನನ್ನ ಬಳಿ ಬಂದ ಅವರಿಗೆ ನಲವತ್ತರ ಹತ್ತಿರ ವಯಸ್ಸು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಕತ್ತಲಲ್ಲೇ ಮನೆ ಬಿಟ್ಟು ಓಡಿದವರು. ಈಗ ಮೈಸೂರಿನಲ್ಲಿದ್ದಾರೆ. "ಎಲ್ರೂ ಉಳಿದ್ರಲ್ಲ, ಇನ್ನೇನು ಅಂತಾರೆ. ಆದ್ರೆ ಜೋರು ಮಳೆ ಶುರುವಾದ್ರೆ ನನ್ನ ಕಾಲು ಮರಗಟ್ಟುತ್ತೆ" ಎಂದರು. ಯಾರೋ ಹೇಳಿದರೆಂದು ಯೋಗ ತರಗತಿಗೆ ಸೇರಿದ್ದರು. ಶವಾಸನದಲ್ಲಿ ಕಣ್ಣು ಮುಚ್ಚಿದ್ದೇ ತಡ, ಎದೆ ಹೊಡೆದುಕೊಂಡು ಎದ್ದು ಹೊರಗೆ ಬಂದರಂತೆ. "ಯೋಗವೂ ನನಗೆ ಆಗಿಬರಲಿಲ್ಲ" ಎಂದು ಅತ್ತರು.

ಇದು ಅವರ ತಪ್ಪಲ್ಲ. ಆ ರಾತ್ರಿ ಅವರನ್ನು ಉಳಿಸಿದ್ದು ಮೈಯ ಎಚ್ಚರವೇ ಅಲ್ವಾ? ಅದೇ ಮೈಗೆ ಕಣ್ಣು ಮುಚ್ಚು, ಅಲುಗಾಡಬೇಡ ಎಂದರೆ ಅದು ಹೇಗೆ ಒಪ್ಪೀತು?

ಹಾಗಾಗಿ ಶವಾಸನ ಬಿಡಿಸಿದೆ. ಬೆನ್ನು ಗೋಡೆಗೆ, ಅಂಗಾಲು ನೆಲಕ್ಕೆ, ಬಾಗಿಲು ಕಣ್ಣಿಗೆ ಕಾಣುವಂತೆ ಕೂರಿಸಿದೆ. ಕಣ್ಣು ತೆರೆದೇ ಇರಲಿ. ನಿಧಾನವಾಗಿ ಕತ್ತು ತಿರುಗಿಸಿ ಕೋಣೆಯಲ್ಲಿ ಏನೇನಿದೆ ನೋಡಲಿ. ಉಸಿರು ಒಳಗೆ ಎಳೆದಿದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಲಿ, ಅದರಿಂದ ಎದೆಬಡಿತ ಇಳಿಯುತ್ತದೆ. ಎರಡೇ ನಿಮಿಷ ಸಾಕು. ಕಾಲು ಮರಗಟ್ಟಿದರೆ ಎರಡೂ ಅಂಗೈಯಿಂದ ಗೋಡೆಯನ್ನು ಬಲವಾಗಿ ನೂಕಬೇಕು. ಆ ರಾತ್ರಿ ಏನಾಯಿತೆಂದು ನಾನು ಕೇಳಲಿಲ್ಲ. ಹೇಳಬೇಕೆನಿಸಿದಾಗ ಹೇಳಲಿ.

ಯಾವುದನ್ನೂ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂಬ ಮಾತನ್ನು ಮಾತ್ರ ಪ್ರತಿ ಸಲವೂ ಹೇಳಿದೆ. ಅಮೆರಿಕದ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತದ ನಂತರ ಉಳಿಯುವ, ಬೇರೆ ಚಿಕಿತ್ಸೆಗೆ ಬಗ್ಗದ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಇದ್ದ 64 ಹೆಂಗಸರಲ್ಲಿ ಅರ್ಧದಷ್ಟು ಮಂದಿ 10 ವಾರ ಇಂಥ ಯೋಗ ಮಾಡಿದರು. ಅಲ್ಲೂ ಅಪ್ಪಣೆ ಇಲ್ಲ, 'ಬೇಕಿದ್ದರೆ ಮಾಡಿ' ಎಂಬ ಕರೆ ಅಷ್ಟೇ. ಯೋಗ ಮಾಡಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಂದಿ ಆ ಕಾಯಿಲೆಯ ಮಾನದಂಡದಿಂದ ಹೊರಬಂದರು.

ಮೈಯ ಅಭ್ಯಾಸವೊಂದೇ ಸಾಕೆಂದು ನಾನು ಹೇಳುವುದಿಲ್ಲ. ಇವರಿಗೆ ನಿದ್ದೆಯೇ ಇರಲಿಲ್ಲ, ಮನೋವೈದ್ಯರ ಬಳಿ ಕಳಿಸಿದೆ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ ಎಂದೆ. ಕನ್ನಡದಲ್ಲೇ ಮಾತಾಡಬಹುದು.

ಒಂದು ಉಪಾಯ ಅವರೇ ಕಂಡುಕೊಂಡರು. ಮಳೆ ಶುರುವಾದರೆ ಕಡಂಬುಟ್ಟಿಗೆ (ಕೊಡಗಿನ ಅಕ್ಕಿ ಕಡುಬು) ಹಿಟ್ಟು ಉಂಡೆ ಕಟ್ಟಲು ಕೂರುತ್ತಾರೆ. ಬಿಸಿ ಹಿಟ್ಟು ಅಂಗೈಗೆ ತಾಗಿದಾಗ "ನಾನು ಇಲ್ಲಿದ್ದೀನಿ ಅಂತ ಗೊತ್ತಾಗುತ್ತೆ" ಎಂದರು. ಅದನ್ನೇ ಮುಂದುವರಿಸಿ ಎಂದೆ. ಶವಾಸನದ ಮಾತು ನಾವಿನ್ನೂ ಎತ್ತಿಲ್ಲ.