ಪರ್ನಿಷಿಯಸ್ ಅನೀಮಿಯಾಗೆ ಇಂಜೆಕ್ಷನ್ ತಗೊಂಡು ಬಿ12 ಸರಿ ಆದ್ಮೇಲೂ ಹೊಟ್ಟೆ ಕ್ಯಾನ್ಸರ್ ರಿಸ್ಕ್ ಇರುತ್ತಾ?

ಅಮ್ಮಂಗೆ ಬಿ12 ಈಗ ನಾರ್ಮಲ್ ಬಂದಿದೆ, ಮತ್ಯಾಕೆ ಎಂಡೋಸ್ಕೋಪಿ (ಗಂಟಲಿಂದ ಪೈಪ್ ಇಳಿಸಿ ಹೊಟ್ಟೆ ಒಳಗೆ ನೋಡೋ ಪರೀಕ್ಷೆ), ವರ್ಷಕ್ಕೊಂದ್ಸಲ ರಕ್ತ ಟೆಸ್ಟ್ ಮಾಡಿಸಿದ್ರೆ ಸಾಲಲ್ವಾ ಅಂತ ಕೇಳಿದೀರಿ. ಪರ್ನಿಷಿಯಸ್ ಅನೀಮಿಯಾ ಅಂದ್ರೆ ಹೊಟ್ಟೆಯ ತೊಂದರೆಯಿಂದ ಬಿ12 ಮೈಗೆ ಸೇರದೆ ರಕ್ತ ಕಮ್ಮಿ ಆಗೋ ಕಾಯಿಲೆ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳ್ಕೊಂಡಿದ್ದೆ, ಸಾಕು ಅಂತ ನಾನೇ ತೀರ್ಮಾನನೂ ಮಾಡಿದ್ದೆ.

ನಮ್ದು ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ಒಂದು ಹಳ್ಳಿ, ಅಡಿಕೆ ತೋಟ. ಅಮ್ಮಂಗೆ ಆಗ 57. ಮೊದ್ಲು ಶುರುವಾಗಿದ್ದು ನಾಲಿಗೆ ಉರಿ. ಸಾರು ಬಾಯಿಗೆ ಇಟ್ರೆ ಕಣ್ಣಲ್ಲಿ ನೀರು ಬರೋದು, ಬರೀ ಮಜ್ಜಿಗೆ ಅನ್ನ ಉಣ್ತಿದ್ಲು. ನಾಲಿಗೆ ನೋಡಿದ್ರೆ ತರಿತರಿ ಅನ್ನೋದೇ ಇಲ್ಲ, ಕೆಂಪಗೆ ನುಣ್ಣಗೆ ಹೊಳೀತಿತ್ತು. ಆಮೇಲೆ ಕಾಲು ಜೋಮು. ಒಂದಿನ ಕೊಟ್ಟಿಗೆಯಿಂದ ಬರೋವಾಗ ಒಂದು ಚಪ್ಪಲಿ ಅಂಗಳದಲ್ಲೇ ಕಳಚಿ ಉಳಿದಿತ್ತು, ಜಗಲಿ ಮೆಟ್ಟಿಲ ಹತ್ರ ಬಂದು ಕೆಳಗೆ ನೋಡಿದಾಗ್ಲೇ ಅವಳಿಗೆ ಗೊತ್ತಾಗಿದ್ದು. ಹಿಮೋಗ್ಲೋಬಿನ್ 6.1ಕ್ಕೆ ಇಳಿದಿತ್ತು.

ಬಿ12 ಕಮ್ಮಿ ಅಂದ ತಕ್ಷಣ ನೆಂಟರೆಲ್ಲ ಹೇಳಿದ್ದು ಒಂದೇ ಮಾತು, ಮಾಂಸ ಮೊಟ್ಟೆ ತಿನ್ನದೋರಿಗೆ ಅದು ಇದ್ದಿದ್ದೇ ಅಂತ. ಆದ್ರೆ ಅಮ್ಮ ದಿನಾ ಹಾಲು ಮೊಸರು ತಿನ್ನೋಳು, ಅದೇ ಊಟ ಮಾಡೋ ನಮಗೆ ಯಾರಿಗೂ ಹೀಗಾಗಿರ್ಲಿಲ್ಲ. ಶಿವಮೊಗ್ಗದಲ್ಲಿ ತೋರಿಸಿದ ಡಾಕ್ಟರ್ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಟೆಸ್ಟ್ ಬರೆದ್ರು, ಪಾಸಿಟಿವ್ ಬಂತು, ಪರ್ನಿಷಿಯಸ್ ಅನೀಮಿಯಾ ಅಂತ ಗೊತ್ತಾಯ್ತು. ಇಂಜೆಕ್ಷನ್ ಶುರು ಮಾಡಿದ್ರು, ಆ ಕೆಂಪು ಬಣ್ಣದ ಔಷಧಿ, ಮೊದ್ಲ ವಾರ ದಿನಾ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಚೀಟಿ ಕೊನೇಲಿ ಇನ್ನೊಂದು ಸಾಲು ಬರೆದಿದ್ರು, ಎಂಡೋಸ್ಕೋಪಿ ಮತ್ತು ಬಯಾಪ್ಸಿ, ಅಂದ್ರೆ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡೋದು. ಹೊಟ್ಟೆ ಒಳಪದರ ಸವೆದಿರುತ್ತಮ್ಮ, ಒಂದ್ಸಲ ನೋಡ್ಬಿಡೋಣ ಅಂತ ಬಾಯಲ್ಲೂ ಹೇಳಿದ್ರು.

ಆ ಚೀಟಿನ ಫೈಲಲ್ಲಿ ಇಟ್ಟೋನು ನಾನು. ಮೂರು ತಿಂಗಳಿಗೆ ಬಿ12 680 ಬಂತು, ನಾರ್ಮಲ್, ರಿಪೋರ್ಟ್ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ, ಎಲ್ಲರೂ ಕೈ ಮುಗಿಯೋ ಚಿತ್ರ ಹಾಕಿದ್ರು. ಅಮ್ಮ ಮತ್ತೆ ತೋಟಕ್ಕೆ ಇಳಿದ್ಲು. ಗಂಟಲಲ್ಲಿ ಪೈಪ್ ಹಾಕ್ತಾರೆ ಅಂತ ಅವಳಿಗೆ ಭಯ ಇತ್ತು, ಕೊಯ್ಲೂ ಬಂತು, ಆದ್ರೆ ಇವೆಲ್ಲ ನೆಪ. ನಿಜವಾದ ಕಾರಣ ನನ್ನ ತಲೇಲಿದ್ದ ಲೆಕ್ಕ. ಬಿ12 ಕಮ್ಮಿ ಆಗಿದ್ರಿಂದ ಕ್ಯಾನ್ಸರ್ ರಿಸ್ಕ್, ಬಿ12 ತುಂಬಿಸಿದ್ವಿ, ಹಾಗಾದ್ರೆ ರಿಸ್ಕೂ ಹೋಯ್ತು, ಅಷ್ಟೇ ಅಂದ್ಕೊಂಡಿದ್ದೆ. ಈ ಲೆಕ್ಕ ತಪ್ಪು, ಬುಡದಿಂದಲೇ ತಪ್ಪು, ನಿಮ್ಮ ಪ್ರಶ್ನೆಯಲ್ಲೂ ಇದೇ ಲೆಕ್ಕ ಕಾಣ್ತಿರೋದ್ರಿಂದಲೇ ಇಷ್ಟುದ್ದ ಬರೀತಿದೀನಿ.

ಆಗೋದು ಏನಂದ್ರೆ, ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಜಠರದ ಒಳಪದರದ ಕೆಲವು ಕೋಶಗಳ ಮೇಲೆ ದಾಳಿ ಮಾಡುತ್ತೆ. ಆ ಕೋಶಗಳೇ ಆಸಿಡ್ ಮಾಡೋವು, ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೋದನ್ನ ಮಾಡೋವೂ ಅವೇ, ಅದಿಲ್ದೆ ಊಟದಲ್ಲಿರೋ ಬಿ12 ಸರಿಯಾಗಿ ರಕ್ತಕ್ಕೆ ಸೇರಲ್ಲ. ಕೋಶ ಸತ್ತಂಗೆ ಸತ್ತಂಗೆ ಒಂದು ಕಡೆ ಬಿ12 ಖಾಲಿ, ಇನ್ನೊಂದು ಕಡೆ ಒಳಪದರ ಸವೆದು ಅದರ ಜಾಗದಲ್ಲಿ ಕರುಳಿನ ಥರದ ಕೋಶ ಬೆಳೆಯುತ್ತೆ, ಕ್ಯಾನ್ಸರ್ ಹುಟ್ಟೋ ಜಾಗ ಅದು. ಬಿ12 ಕೊರತೆನೂ ಕ್ಯಾನ್ಸರ್ ರಿಸ್ಕೂ ಒಂದೇ ತಾಯಿಯ ಎರಡು ಮಕ್ಕಳು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಇಂಜೆಕ್ಷನ್ ಹೊಟ್ಟೆನ ಮುಟ್ಟದೆ ಬೇರೆ ದಾರೀಲಿ ಹೋಗಿ ರಕ್ತ ಸರಿ ಮಾಡುತ್ತೆ. ಹೊಟ್ಟೆ ಹೇಗಿತ್ತೋ ಹಾಗೇ ಇರುತ್ತೆ. ತೊಂದರೆ ಇರೋದು ಹೊಟ್ಟೇಲಿ ಅಂತ ವಿಲಿಯಂ ಕ್ಯಾಸಲ್ ಅನ್ನೋ ಡಾಕ್ಟರ್ ಬಾಸ್ಟನ್‌ನಲ್ಲಿ 1929ರಲ್ಲೇ ತೋರಿಸಿದ್ರು, ನನಗೆ ಗೊತ್ತಾಗಿದ್ದು ಅಮ್ಮನ ಆಪರೇಷನ್ ಆದ್ಮೇಲೆ.

ನಾಲ್ಕು ವರ್ಷ ಆದ್ಮೇಲೆ ಎರಡು ತುತ್ತಿಗೇ ಹೊಟ್ಟೆ ತುಂಬ್ತು ಅನ್ನೋಕೆ ಶುರು ಮಾಡಿದ್ಲು. ಗ್ಯಾಸ್ಟ್ರಿಕ್ ಅಂತ ನಾನೇ ಮೆಡಿಕಲ್ ಶಾಪಿಂದ ಪ್ಯಾಂಟೊಪ್ರಜೋಲ್ ತಂದುಕೊಟ್ಟೆ, ಆಸಿಡ್ಡೇ ಇಲ್ಲದ ಹೊಟ್ಟೆಗೆ ಆಸಿಡ್ ಕಮ್ಮಿ ಮಾಡೋ ಮಾತ್ರೆ, ಮೂರು ತಿಂಗಳು. ಐರನ್ ಕೂಡ ಪೂರ್ತಿ ಇಳಿದಿತ್ತು. ಕೊನೆಗೆ ಸ್ಕೋಪಿ ಮಾಡಿಸಿದಾಗ ಎರಡು ಸಣ್ಣ ಗಂಟು, ನ್ಯೂರೋಎಂಡೋಕ್ರೈನ್ ಟ್ಯೂಮರ್ ಅಂತಾರೆ, ಆಸಿಡ್ ಇಲ್ದೇ ಗ್ಯಾಸ್ಟ್ರಿನ್ (ಆಸಿಡ್ ಮಾಡು ಅಂತ ಹೊಟ್ಟೆಗೆ ಹೇಳೋ ಹಾರ್ಮೋನ್) ಏರಿ ಏರಿ ಬೆಳೆಯೋವು, ಇಂಥವು ಸಾಮಾನ್ಯವಾಗಿ ಅಷ್ಟು ಅಪಾಯ ಅಲ್ಲ, ಸ್ಕೋಪಿನಲ್ಲೇ ತೆಗೀಬಹುದು. ಆದ್ರೆ ಅದರ ಪಕ್ಕದಲ್ಲೇ ಒಂದು ಹುಣ್ಣಿತ್ತು, ಅದು ಕ್ಯಾನ್ಸರ್. ಗೋಡೆಯ ಒಳಗೆ ಆಳಕ್ಕೆ ಇಳಿದಿತ್ತು, ಪಕ್ಕದ ಎರಡು ಲಿಂಫ್ ನೋಡ್‌ಗೂ (ಸಣ್ಣ ಗ್ರಂಥಿಗಳಿಗೂ) ಹೋಗಿತ್ತು. ಮೇಲ್ಪದರದಲ್ಲೇ ಇದ್ದಾಗ ಸಿಕ್ಕಿದ್ರೆ ಪೈಪಲ್ಲೇ ತೆಗೀಬಹುದಿತ್ತು ಅಂತ ಸರ್ಜನ್ ಹೇಳಿದ್ರು. ಇಡೀ ಜಠರ ತೆಗೆದ್ರು, ಕೀಮೋ ಆಯ್ತು. ಈಗ ಎರಡು ವರ್ಷ, ಅಮ್ಮ ಇದಾಳೆ, ದಿನಕ್ಕೆ ಆರು ಸಲ ಅರ್ಧರ್ಧ ದೋಸೆ ತಿಂತಾಳೆ.

ನಿಮ್ಮನ್ನ ಹೆದರಿಸೋಕಲ್ಲ ಇದು. ಇಟಲಿಯ ವೈದ್ಯರು ಹಲವು ಅಧ್ಯಯನ ಒಟ್ಟು ಹಾಕಿ ನೋಡಿದಾಗ ಈ ಕಾಯಿಲೆ ಇರೋ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 3 ಜನಕ್ಕೆ ಹೊಟ್ಟೆ ಕ್ಯಾನ್ಸರ್, ಉಳಿದವರಿಗೆ ಹೋಲಿಸಿದ್ರೆ ಹತ್ತತ್ರ 7 ಪಟ್ಟು. ಅಂದ್ರೆ ಹೆಚ್ಚಿನವರಿಗೆ ಬರೋದೇ ಇಲ್ಲ. ಆದ್ರೆ ನಿಮ್ಮ ಅಮ್ಮ ಯಾವ ಗುಂಪಲ್ಲಿದಾರೆ ಅಂತ ಬಿ12 ನಂಬರ್ ಹೇಳಲ್ಲ, ಇಂಜೆಕ್ಷನ್ ತಗೊಳ್ತಿದ್ರೆ ಅದು ಜಾಸ್ತಿ ಬಂದೇ ಬರುತ್ತೆ. ಹಾಗಾಗಿ ಎಂಡೋಸ್ಕೋಪಿನಾ ರಕ್ತ ಟೆಸ್ಟಾ ಅಂತ ತೂಗೋ ಪ್ರಶ್ನೆಯೇ ಇಲ್ಲ, ಎರಡೂ ಬೇರೆ ಬೇರೆ ಕೆಲಸ. ಕಾಯಿಲೆ ಗೊತ್ತಾದ ಹೊಸದರಲ್ಲೇ ಒಂದ್ಸಲ ಮಾಡಿಸಿ ಅಂತ ಅಮೆರಿಕದ ಹೊಟ್ಟೆ ತಜ್ಞರು 2021ರಲ್ಲಿ ಬರೆದಿದಾರೆ, ಒಳಪದರ ಹೆಚ್ಚು ಜಾಗದಲ್ಲಿ ಸವೆದಿದ್ರೆ ಮೂರು ವರ್ಷಕ್ಕೊಮ್ಮೆ ಅಂತ ಬ್ರಿಟನ್‌ನವರು 2019ರಲ್ಲಿ ಅಂದಿದಾರೆ. ನಿಮ್ಮ ಅಮ್ಮಂಗೆ ಎಷ್ಟು ಅಂತರ ಅನ್ನೋದು ಮೊದ್ಲ ಬಯಾಪ್ಸಿ ನೋಡಿ ಡಾಕ್ಟರ್ ಹೇಳ್ತಾರೆ.

ಮಾಡಿಸೋವಾಗ ಬರೀ ನೋಡಿ ಬಿಡೋಕೆ ಬಿಡ್ಬೇಡಿ, ಜಠರದ ಮೇಲ್ಭಾಗ ಕೆಳಭಾಗ ಎರಡರಿಂದಲೂ ಬಯಾಪ್ಸಿ ತಗೊಂಡು ಬೇರೆ ಬೇರೆ ಡಬ್ಬಿಗೆ ಹಾಕಿ ಅಂತ ಕೇಳಿ. ಎಚ್. ಪೈಲೋರಿ ಅನ್ನೋ ಹೊಟ್ಟೆಯ ಬ್ಯಾಕ್ಟೀರಿಯಾ ಇದ್ಯಾ ಅಂತಾನೂ ನೋಡ್ಲಿ. ಫೆರಿಟಿನ್ (ಮೈಯಲ್ಲಿ ಐರನ್ ಎಷ್ಟಿದೆ ಅನ್ನೋ ಟೆಸ್ಟ್), ಥೈರಾಯ್ಡ್ ಮಾಡಿಸಿ, ಈ ಕಾಯಿಲೆ ಇರೋರಿಗೆ ಥೈರಾಯ್ಡ್ ತೊಂದರೆನೂ ಜೊತೆಗೆ ಇರೋದುಂಟು. ಇಂಜೆಕ್ಷನ್ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೆ ನರಕ್ಕೆ ಪೆಟ್ಟು ಬೀಳಬಹುದು. ನಿಮ್ಮ ಅಮ್ಮಂಗೆ ಪೈಪ್ ಭಯ ಇದ್ರೆ ಹತ್ತು ನಿಮಿಷದ ಕೆಲಸ ಅಂತ ಹೇಳಿ, ಗಂಟಲಿಗೆ ಮರಗಟ್ಟಿಸೋ ಸ್ಪ್ರೇ ಹೊಡೀತಾರೆ, ಬೇಕಿದ್ರೆ ಮಂಪರಿಗೂ ಕೊಡ್ತಾರೆ, ನಮ್ಮಮ್ಮ ಹೊರಗೆ ಬಂದು ಇಷ್ಟೇನಾ ಅಂದಿದ್ಲು. ಊಟ ಮಾಡಿದ ತಕ್ಷಣ ಹೊಟ್ಟೆ ತುಂಬಿದಂಗೆ ಆಗುತ್ತಾ ಅಂತ ಅವರನ್ನ ಇವತ್ತೇ ಕೇಳಿ, ಹೌದು ಅಂದ್ರೆ ಈ ವಾರವೇ ಕರ್ಕೊಂಡು ಹೋಗಿ.